ಓ ಅಂದವರು ಆಫೀಸಿನಲ್ಲಿರಲಿಲ್ಲ

ನಮ್ಮ ಮನೆಯಲ್ಲಿ ಕರೆದ ಕೂಡಲೇ ‘ಓ’ ಅನ್ನಬೇಕು. ಅನ್ನದಿದ್ದರೆ ಅವ್ವ, “ಕಿವ್ಯಾಗ ಹತ್ತಿ ಇಟ್ಕೊಂಡೀಯೇನು?” ಎಂದು ಕೇಳುತ್ತಿದ್ದಳು. ಓ ಅಂದರೆ ಇದ್ದೇನೆ, ಕೇಳಿಸಿತು, ಆಗಲಿ. ಆ ತಿಳಿವಳಿಕೆಯೇ ನನ್ನ ಮೊದಲ ನೌಕರಿಯನ್ನು ಕಳೆಯುವುದರಲ್ಲಿತ್ತು.

ಅಪ್ಪ ಹುಬ್ಬಳ್ಳಿಯಲ್ಲಿ ಅಂಗಡಿಗಳ ಬೋರ್ಡು ಬರೆಯುವವರು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವರು. ಇಂಗ್ಲಿಷ್ ಅಕ್ಷರಗಳನ್ನು ಅವರು ಓದುವುದಿಲ್ಲ, ಚಿತ್ರದ ಹಾಗೆ ನೋಡಿ ಇಳಿಸುತ್ತಾರೆ. ನಾನು ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬಂದು ಪದವಿ ಮುಗಿಸಿದಾಗ, ಬಾಗಿಲಿಗೆ ಹಾಕಲು ತಾವೇ ಒಂದು ಹಲಗೆ ತಯಾರು ಮಾಡಿದರು. ನನ್ನ ಹೆಸರು ಬರೆದು ಮುಗಿಸಿ, ಕುಂಚವನ್ನು ಮೇಲೆಯೇ ಹಿಡಿದು ಕುಳಿತರು.

“ಬಿ.ಕಾಂ. ಅಂದ್ರ ಪೂರ್ತಿ ಏನು?”

“ಬ್ಯಾಚುಲರ್ ಆಫ್ ಕಾಮರ್ಸ್, ಅಪ್ಪಾ. ವ್ಯಾಪಾರದ ವಿದ್ಯಾ ಕಲ್ತೇನಿ ಅಂತ.”

“ಹಂಗಾರ ಬರೀತೇನಿ. ತಿಳೀಲಾರದ್ದು ಮಂದಿ ಬಾಗಲಕ್ಕ ಭಾಳ ಬರದೇನಿ. ನಮ್ಮ ಬಾಗಲಕ್ಕ ಬ್ಯಾಡ.”

ತಿಳಿಯದ್ದನ್ನು ಕೇಳುವ ಅವರ ಆ ಗುಣವನ್ನು ನಾನು ಧಾರವಾಡದ ಲಕಮನಹಳ್ಳಿಗೆ ಒಯ್ಯಲಿಲ್ಲ. ಅಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಆರು ತಿಂಗಳು ನೋಡಿ, ಆಮೇಲೆ ಕಾಯಂ ಪತ್ರ ಎಂದಿದ್ದರು. ಗಿರಾಕಿಗಳ ಮೇಲ್‌ಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಆ ಮೇಲ್‌ಗಳ ತುಂಬ ತುಂಡಕ್ಷರಗಳು, ಪೂರ್ತಿ ಮಾತಿನ ಬದಲು ಅದರ ಮೊದಲ ಅಕ್ಷರಗಳಷ್ಟೇ. ಮನೆಯಲ್ಲಿ ಕೇಳೋಣವೆಂದರೆ ಬಲ್ಲವರಿಲ್ಲ, ಆಫೀಸಿನಲ್ಲಿ ಕೇಳಲು ನಾಚಿಕೆ. ಊಹೆಯ ಮೇಲೆ ಗಾಡಿ ಓಡಿಸಿದೆ.

ಐದನೆಯ ತಿಂಗಳು ಪುಣೆಯ ಗಿರಾಕಿ ಕಂಪನಿಯ ಎಂಜಿನಿಯರ್ ಒಬ್ಬರಿಗೆ ಬರೆದೆ: ಹೊಸ ನಕ್ಷೆಯ ಪ್ರಕಾರ ಮಾಲು ಮಾಡಲು ಶುರು ಮಾಡೋಣವೇ? ನಿಮಿಷದೊಳಗೆ ಉತ್ತರ ಬಂತು. ಇಂಗ್ಲಿಷಿನ ಮೂರು ಓ, ಅದರ ಮುಂದೆ ‘ಟಿಲ್ ಮಂಡೇ’. ಗೆಳತಿಯರು ಫೋನಿನಲ್ಲಿ ಓಕೆಗೆ ಬರೀ ಕೆ ಬರೆಯುತ್ತಿದ್ದರು, ಇವರು ಓ ಬರೆದಿದ್ದಾರೆ ಅಂದುಕೊಂಡೆ. ಅದೂ ಒಂದಲ್ಲ, ಮೂರು ಸಲ ಓಗೊಟ್ಟಿದ್ದಾರೆ. ಸೋಮವಾರದ ತನಕ ಗಡುವು. ಕೆಳಗೆ ಯಂತ್ರದವರ ಬಳಿ ಇಳಿದು ಹೋಗಿ, “ಹೂಂ ಅಂದಾರ, ಶುರು ಮಾಡ್ರಿ” ಎಂದೆ.

ಸೋಮವಾರ ಆ ಎಂಜಿನಿಯರ್ ಬರೆದರು: ರಜೆಯಲ್ಲಿದ್ದೆ, ನಕ್ಷೆಯಲ್ಲಿ ರಂಧ್ರದ ಅಳತೆ ತಪ್ಪಿದೆ, ಶುರು ಮಾಡಬೇಡಿ. ಅಷ್ಟರಲ್ಲಿ ಮಾಲೆಲ್ಲ ತಯಾರಾಗಿತ್ತು. ಆ ಮೂರು ಓ ಅಂದರೆ ‘ಔಟ್ ಆಫ್ ಆಫೀಸ್’. ಅವರು ಆಫೀಸಿನಲ್ಲೇ ಇರಲಿಲ್ಲ, ಕಂಪ್ಯೂಟರ್ ತಾನಾಗಿ ಕಳಿಸಿದ ಉತ್ತರ ಅದು. ನಮ್ಮಲ್ಲಿ ಇದ್ದವರು ಓ ಅನ್ನುತ್ತಾರೆ, ಅಲ್ಲಿ ಇಲ್ಲದವರು ಅಂದಿದ್ದರು.

ಉಗ್ರಾಣ ನೋಡುವ ಹಿರಿಯರು ಹತ್ತಿರ ಬಂದು ಉಪಾಯ ಹೇಳಿದರು. “ಕಂಪ್ಯೂಟರ್ ಕೆಟ್ಟಿತ್ತು ಅಂದ್ಬಿಡ್ರಿ ತಂಗಿ. ಅದರ ಮ್ಯಾಲ ಹಾಕಿದ್ರ ಅದೇನು ಅಳೂದಿಲ್ಲ.”

ನಾನು ಒಪ್ಪಲಿಲ್ಲ. ಸುಳ್ಳಿನ ಮೇಲೆ ಕಾಯಂ ಆಗುವುದಕ್ಕಲ್ಲ ನಾನು ಓದಿದ್ದು. ಆ ದಿನವೇ ಆಫೀಸಿಗೆ ಬರುವ ಎಲ್ಲ ತುಂಡಕ್ಷರಗಳನ್ನು ಹುಡುಕಿ, ಪೂರ್ತಿ ರೂಪ ಬರೆದುಕೊಂಡು, ಮರುದಿನ ಮ್ಯಾನೇಜರ್ ಮುಂದೆ ನಿಂತೆ.

“ಬಿ.ಕಾಂ. ಆಗೀರಿ, ಇಷ್ಟು ತಿಳೀಲಿಲ್ಲೇನು?”

“ತಿಳೀಲಿಲ್ರಿ. ಕೇಳ್ಲೂ ಇಲ್ಲ. ತಪ್ಪು ನಂದ. ಇನ್ನ ಮ್ಯಾಲ ಕೇಳ್ತೇನ್ರಿ. ಈಗ ಒಂದು ಕೇಳ್ಲೇನು?”

“ಕೇಳ್ರಿ.”

“ನೀವು ಎಲ್ಲಾ ಮೇಲ್‌ನ್ಯಾಗೂ ಪಿ.ಎಫ್.ಎ. ಹಾಕ್ತೀರಲ್ರಿ, ಯಾವ ಅರ್ಥದಾಗ?”

“ಪ್ಲೀಸ್ ಫಾರ್ ಅಪ್ರೂವಲ್. ಒಪ್ಪಿಗಿ ಕೊಡ್ರಿ ಅಂತ.”

“ಅದು ಪ್ಲೀಸ್ ಫೈಂಡ್ ಅಟ್ಯಾಚ್ಡ್ ಅಂತ್ರಿ. ಜೋಡಿ ಫೈಲ್ ಕಳಿಸೇನಿ, ನೋಡ್ರಿ ಅಂತ.”

ಅವರು ತಮ್ಮ ಹಳೆಯ ಮೇಲ್ ಒಂದನ್ನು ತೆರೆದು ನೋಡಿದರು. “ಅದಕ್ಕ ಆ ಪುಣೆದವ ಹೊಳ್ಳಿ ಹೊಳ್ಳಿ ಫೈಲ್ ಎಲ್ಲೈತಿ ಅಂತ ಕೇಳ್ತಾನ.”

ಹಾಗೆಂದು ನನ್ನನ್ನು ಬಿಡಲಿಲ್ಲ. ಕಾಯಂ ಪತ್ರ ಮೂರು ತಿಂಗಳು ಮುಂದೆ ಹೋಯಿತು. ನ್ಯಾಯವೇ. ಮನೆಗೆ ಬಂದು ಹೇಳಿದರೆ ಅಪ್ಪ ಕೇಳಿದ್ದು ಒಂದೇ ಮಾತು: “ಹಲಿಗಿ ಸಣ್ಣದಿದ್ರ ನಾವೂ ಅಕ್ಷರ ಕಡಿಮಿ ಮಾಡ್ತೇವಿ. ನಿಮ್ಮ ಕಂಪ್ಯೂಟರಿನ ಹಲಿಗಿ ಅಷ್ಟು ಸಣ್ಣದೈತೇನು?”

ಸಣ್ಣದಿಲ್ಲ. ಆವತ್ತಿನಿಂದ ಹೊರಗಿನವರಿಗೆ ಪೂರ್ತಿ ಮಾತೇ ಬರೆದೆ. ಒಳಗಿನವರಿಗೆ ಎಲ್ಲರೂ ಬಲ್ಲ ಎರಡು ಮೂರು ಮಾತ್ರ. ಎಫ್.ವೈ.ಐ. ಅಂದರೆ ಸುಮ್ಮನೆ ತಿಳಿದಿರಲಿ ಅಂತ, ಎಫ್.ವೈ.ಎ. ಅಂದರೆ ಕೆಲಸ ನಿಮ್ಮದು ಅಂತ. ಒಂದಕ್ಷರ ತಪ್ಪಿದರೆ ಕೆಲಸ ಯಾರದೂ ಅಲ್ಲದೆ ಬಿದ್ದಿರುತ್ತದೆ. ಬಿಡಿಸಿ ಹೇಳಲು ಬಾರದ ತುಂಡಕ್ಷರವನ್ನು ನಾನು ಬರೆಯುವುದಿಲ್ಲ, ಯಾರಾದರೂ ಬರೆದು ಕಳಿಸಿದರೆ ತಿರುಗಿ ಕೇಳುತ್ತೇನೆ. “ಬಂದ್ರು ನೋಡ್ರಿ ಅಕ್ಕೋರು, ಸಾಲಿ ಶುರುವಾತು” ಎಂದು ಉಗ್ರಾಣದ ಹಿರಿಯರು ನನ್ನನ್ನು ಶಾಲೆಯ ಟೀಚರ್ ಮಾಡಿ ನಗುತ್ತಿದ್ದರು. ತಿಂಗಳಾದ ಮೇಲೆ ಅವರೇ ಬಿ.ಸಿ.ಸಿ. ಅಂದರೇನು ಎಂದು ಮೆಲ್ಲಗೆ ಕೇಳಿದರು. ಉಳಿದವರಿಗೆ ಕಾಣದ ಹಾಗೆ ಒಬ್ಬರಿಗೆ ಪ್ರತಿ ಕಳಿಸುವುದು ಎಂದೆ. “ಚಾಡಿ ಅನ್ರಿ” ಎಂದರು.

ಮುಂದೆ ಹೋದ ಆ ಮೂರು ತಿಂಗಳೂ ಮುಗಿದಾಗ ಮ್ಯಾನೇಜರ್ ಕಾಯಂ ಪತ್ರ ಮುಂದಿಟ್ಟರು. ನಡುವೆ ಡಬ್ಲ್ಯು.ಇ.ಎಫ್. ಎಂದಿತ್ತು. ಪೆನ್ನು ಕೆಳಗಿಟ್ಟೆ.

“ಇದು ಪೂರ್ತಿ ಏನ್ರಿ?”

“ವಿತ್ ಎಫೆಕ್ಟ್ ಫ್ರಾಮ್. ಈ ದಿನದಿಂದ ಅಂತ. ಈಗರ ಸಹಿ ಮಾಡ್ತೀರೋ ಇಲ್ಲೋ?”

“ಪೂರ್ತಿ ಬರದು ಕೊಡ್ರಿ.”

ಅವರು ಒಂದು ಸಲ ನನ್ನನ್ನು, ಒಂದು ಸಲ ಪತ್ರವನ್ನು ನೋಡಿದರು. ಮೂರೂ ಅಕ್ಷರ ಹೊಡೆದುಹಾಕಿ, ಮೇಲೆ ಕೈಯಿಂದ ಪೂರ್ತಿ ಬರೆದರು. ಆಮೇಲೆ ಸಹಿ ಮಾಡಿದೆ.