ಕಾಕಾ ಹಾಕಿದ ಬಲ್ಬು

ಕರೆಂಟ್ ಬಿಲ್ಲು ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ಸಾರು ಕೇಳುತ್ತಿರಲಿಲ್ಲ. ಕಬ್ಬು ಬೆಳೆಯುವ ಮನೆ, ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಅಪ್ಪನ ಸ್ವಭಾವವೇ ಹಾಗೆ. ದಾರಿಹೋಕರು ನಮ್ಮ ಹೊಲದ ಕಬ್ಬು ಮುರಿದು ತಿಂದರೆ ನಕ್ಕು ಸುಮ್ಮನಾಗುವ ಮನುಷ್ಯ, ಹಗಲು ಹೊತ್ತಿನಲ್ಲಿ ಒಂದು ಬಲ್ಬು ಉರಿಯುವುದನ್ನು ಕಂಡರೆ ಮೈಮೇಲೆ ಬಂದವರಂತೆ ಆಡುತ್ತಿದ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಗವಾಡದ ಸಮೀಪದ ನಮ್ಮೂರಲ್ಲಿ ಆ ವರ್ಷ ಎಲ್ಲರ ಕಬ್ಬೂ ಚೆನ್ನಾಗಿ ಬಂದು, ಓಣಿಯಲ್ಲಿ ಒಬ್ಬರನ್ನು ನೋಡಿ ಒಬ್ಬರು ಸಾಮಾನು ತಂದರು. ನಾವೂ ತಂದೆವು. ಟಿವಿ ಬಂತು, ಮಿಕ್ಸರ್ ಬಂತು, ಇಸ್ತ್ರಿಪೆಟ್ಟಿಗೆ ಬಂತು, ಬಕೆಟ್ಟಿನೊಳಗೆ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಬಂತು. ಹಿಂದಿಂದೆಯೇ ಬಿಲ್ಲೂ ಬಂತು. ಅದನ್ನು ನೋಡಿ ಅಪ್ಪ ನಡುಮನೆಯಲ್ಲಿ ನಿಂತು, "ಇನ್ನ ಈ ಮನ್ಯಾಗ ನಾ ಹೇಳಿದಂಗ ನಡೀಬೇಕು" ಎಂದ. ಅಲ್ಲಿಯವರೆಗೆ ಯಾರು ಹೇಳಿದಂತೆ ನಡೆದಿತ್ತೋ ನನಗೆ ತಿಳಿಯಲಿಲ್ಲ.

ಟಿವಿ ಬಂದ್ ಆಯಿತು. ಕಾಯಿಲ್ ಅಟ್ಟಕ್ಕೆ ಹೋಯಿತು. ಹಿತ್ತಲಿನ ಹಂಡೆಗೆ ಮತ್ತೆ ಕಬ್ಬಿನ ಒಣಗಿದ ಎಲೆಯ, ರವದಿಯ ಉರಿ ಹಾಕತೊಡಗಿದೆವು. ಮಿಕ್ಸರಿಗೆ ಅವ್ವ ಹೊಲಿದಿದ್ದ ಬಟ್ಟೆಯ ಗೌಸಣಿಗೆ ಹಾಗೇ ಇತ್ತು, ಅದನ್ನು ತೆಗೆಯುವ ಪ್ರಸಂಗವೇ ಬರಲಿಲ್ಲ. ಚಟ್ನಿ ಮತ್ತೆ ಒಳಕಲ್ಲಿಗೆ ಬಂತು. ನನ್ನ ಶಾಲೆಯ ಲಂಗವನ್ನು ಮಡಚಿ ಹಾಸಿಗೆಯ ಕೆಳಗಿಟ್ಟು ಮಲಗುತ್ತಿದ್ದೆ, ಅದೇ ಇಸ್ತ್ರಿ. ಅಡುಗೆಮನೆಯ ಬಲ್ಬು ತೆಗೆದು ಅಪ್ಪ ಮಿಣುಕು ದೀಪದಂಥ ಸಣ್ಣದೊಂದು ಹಾಕಿದ. ಆ ಬೆಳಕಿನಲ್ಲಿ ಅನ್ನದಲ್ಲಿ ಹರಳಿದೆಯೋ ಇಲ್ಲವೋ ಹಲ್ಲಿಗೇ ಗೊತ್ತಾಗಬೇಕು. ಉಳಿತಾಯ ಅಪ್ಪನದು, ಕಷ್ಟವೆಲ್ಲ ಅವ್ವನದು. ಒಳಕಲ್ಲಿನ ಮುಂದೆ ಕೂತ ಅವ್ವನ ಮುಖ ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಇಷ್ಟೆಲ್ಲ ಮಾಡಿದ ಅಪ್ಪನ ಕೈ ಒಂದೇ ಒಂದು ಬಲ್ಬಿನ ಹತ್ತಿರ ಹೋಗುತ್ತಿರಲಿಲ್ಲ. ಅದು ಹಿಂದಿನ ಸಣ್ಣ ಖೋಲಿಯದು. ಅಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇರುತ್ತಿದ್ದಳು. ಆ ಬಲ್ಬು ಹಗಲೂ ಇರುಳೂ ಉರಿಯುತ್ತಿತ್ತು.

ಅದನ್ನು ಹಾಕಿದವನು ನನ್ನ ಕಾಕಾ, ಅಪ್ಪನ ಒಬ್ಬನೇ ತಮ್ಮ. ಚಿಕ್ಕೋಡಿಗೆ ಹೋಗಿ ವೈರಿಂಗ್ ಕೆಲಸ ಕಲಿತು ಬಂದಿದ್ದ. ನಮ್ಮ ಮನೆಗೆ ಕರೆಂಟ್ ಬಂದಾಗ ಬೇರೆಯವರನ್ನು ಕರೆಯಗೊಡದೆ ಗೋಡೆಯುದ್ದಕ್ಕೂ ಕಟ್ಟಿಗೆಯ ಪಟ್ಟಿ ಬಡಿದು, ಅದರ ಮೇಲೆ ವೈರು ಎಳೆದು, ಬಾಗಿಲ ಪಕ್ಕದಲ್ಲಿ ಕರಿ ಗುಂಡಿಗಳನ್ನು ಕೂರಿಸಿದ್ದು ಅವನೇ. ಎಲ್ಲ ಮುಗಿದ ಮೇಲೆ ಆಯಿಯನ್ನು ಕರೆದು, "ಒತ್ತಬೇ ಯವ್ವಾ, ಕರೆಂಟೇನ್ ಕಚ್ಚಾಂಗಿಲ್ಲ" ಎಂದು ಅವಳ ಕೈಯಿಂದಲೇ ಮೊದಲ ಗುಂಡಿ ಒತ್ತಿಸಿದ. ದೀಪ ಹತ್ತಿದ್ದಕ್ಕೆ ಆಯಿ ಎರಡೂ ಕೈ ಮುಗಿದಳು. ಅದು ಈ ಸಣ್ಣ ಖೋಲಿಯ ಗುಂಡಿ.

ಮದುವೆಯ ಮಾತು ನಡೆದಿದ್ದಾಗ ಕಾಕಾನಿಗೆ ಕಾಮಾಲೆಯಾಯಿತು. ಊರ ಔಷಧ ಆಯಿತು, ಮೀರಜಿನ ದವಾಖಾನೆ ಆಯಿತು. ಕಣ್ಣು ಅರಿಸಿನದಂತಾಗಿ ಮನೆಗೆ ಬಂದವನು ಅದೇ ಖೋಲಿಯಲ್ಲಿ ಹೋಗಿಬಿಟ್ಟ.

ಜೀವ ಹೋದ ಜಾಗದಲ್ಲಿ ದೀಪ ಹಚ್ಚಿಡುವುದು ನಮ್ಮಲ್ಲಿಯ ಪದ್ಧತಿ. ದಿನಕರ್ಮ ಮುಗಿಯುವ ತನಕ ಆ ದೀಪ ಆರಬಾರದು. ಹೋದವನಿಗೆ ದಾರಿ ಕಾಣಬೇಕಲ್ಲ. ಎಣ್ಣೆ ದೀಪವನ್ನೇ ಇಟ್ಟಿದ್ದರು. ಆದರೆ ಮರುದಿನ ಬೆಳಗಾಗುವಾಗ ಗಾಳಿಗೋ ಇಲಿಯ ಓಡಾಟಕ್ಕೋ ಅದು ಆರಿತ್ತು. ಆಯಿ ಅದನ್ನು ಕಂಡು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಗ ಸತ್ತಾಗಲೂ ಅವಳು ಹಾಗೆ ಕೂಗಿರಲಿಲ್ಲ. ಯಾರೋ ದೀಪ ಮತ್ತೆ ಹಚ್ಚಿದರು. ಆಯಿ ಮಾತ್ರ ಎದ್ದು ಹೋಗಿ ಗೋಡೆಯ ಕರಿ ಗುಂಡಿ ಒತ್ತಿದಳು. "ಇದು ಗಾಳಿಗಿ ಆರಾಂಗಿಲ್ಲ. ಅಂವನ ಕೈಲೆ ಹಾಕಿದ್ದು, ಅಂವಗ ಗುರ್ತು ಸಿಗತೈತಿ" ಎಂದಳು.

ದಿನಕರ್ಮ ಮುಗಿಯಿತು. ಎಣ್ಣೆ ದೀಪ ತೆಗೆದರು. ಬಲ್ಬನ್ನು ಆರಿಸಲು ಆಯಿ ಬಿಡಲಿಲ್ಲ. ಮೊದಮೊದಲು, ಇರಲಿ ಬಿಡು, ಹಸಿ ದುಃಖ ಎಂದರು. ವರ್ಷ ತುಂಬಿತು, ಮತ್ತೊಂದು ವರ್ಷವೂ ಹೋಯಿತು. ಬಲ್ಬು ಉರಿಯುತ್ತಲೇ ಇತ್ತು. ಹಾಳಾದ್ದು ಎಂಥ ಗಟ್ಟಿ ಬಲ್ಬು ಮಾಡಿದ್ದರೋ, ಕೆಡಲಿಲ್ಲ.

ತಮಾಷೆಯೆಂದರೆ ನಮ್ಮೂರಲ್ಲಿ ಕರೆಂಟೇ ನೆಟ್ಟಗೆ ಇರುತ್ತಿರಲಿಲ್ಲ. ದಿನಾ ಒಮ್ಮೆಯಾದರೂ ಹೋಗುತ್ತಿತ್ತು. ಆಗ ಆ ಬಲ್ಬೂ ಆರುತ್ತಿತ್ತು. ಆಯಿ ಚಕಾರ ಎತ್ತುತ್ತಿರಲಿಲ್ಲ. ಒಮ್ಮೆ ಅಪ್ಪ ಇದನ್ನೇ ಹಿಡಿದುಕೊಂಡ. ಖೋಲಿಯ ಹೊಸ್ತಿಲ ಹೊರಗೆ ನಿಂತು, "ಕರೆಂಟ್ ಹೋದಾಗ ಆರತೈತೆಲ್ಲ, ಆಗ ಅಂವಗ ದಾರಿ ಕಾಣಾಂಗಿಲ್ಲೇನು? ನಾ ಆರಿಸಿದ್ರ ಏನಾತು?" ಎಂದ. ಆಯಿ ತಲೆಯೆತ್ತದೆ ಹೇಳಿದಳು: "ಕರೆಂಟ್ ಹೋದ್ರ ಅದು ಸರ್ಕಾರದ್ದು. ಮನಿ ಮಂದಿ ಕೈಲೆ ಆರಿಸಬಾರ್ದು. ಆರಿಸಿದ್ರ ಅಂವಗ ಹೋಗು ಅಂದಂಗ ಆಗತೈತಿ." ಅಪ್ಪ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದ. ಕಾಕಾ ಹೋದ ಮೇಲೆ ಅವನು ಆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಏನೇ ಹೇಳುವುದಿದ್ದರೂ ಹೊರಗಿನಿಂದಲೇ.

ಬಿಲ್ಲಿನ ಗದ್ದಲ ಶುರುವಾದ ಮೇಲೆ ಎಲ್ಲರ ಕಣ್ಣೂ ಆ ಬಲ್ಬಿನ ಮೇಲೆಯೇ. ನನ್ನ ಕಣ್ಣೂ. ಟಿವಿ ಇಲ್ಲದ ಸಿಟ್ಟಿತ್ತಲ್ಲ. ಆದರೂ ಬಾಯಿಬಿಟ್ಟು ಅಂದವಳು ಅವ್ವ. ಖಾರ ಅರೆದು ಅರೆದು ಕೈ ಉರಿಯುತ್ತಿದ್ದ ಒಂದು ಸಂಜೆ, ಮಿಣುಕು ದೀಪದ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು, ಯಾರಿಗೂ ಅಲ್ಲವೆಂಬಂತೆ ಅಂದಳು: "ಹೋದವ್ರಿಗಿ ಹಗಲೂ ಬೆಳಕು, ಇದ್ದವ್ರಿಗಿ ರಾತ್ರೀನೂ ಕತ್ತಲಿ. ಛಲೋ ನ್ಯಾಯ."

ಆಯಿ ನೀರು ಕುಡಿಯಲು ಬಾಗಿಲಿಗೇ ಬಂದಿದ್ದಳು. ತಂಬಿಗೆ ಹಿಡಿದುಕೊಂಡು ಹಾಗೇ ನಿಂತಳು. ಅವಳು ನಿಂತದ್ದು ಕಂಡು ಅವ್ವನ ಕೈ ನಿಂತಿತು. ಆಯಿ ನೀರು ಕುಡಿಯದೆಯೇ ತಿರುಗಿ ಹೋದಳು.

ಮರುದಿನ ಅವಳು ಕರೆಂಟಿನಲ್ಲಿ ತನ್ನ ಪಾಲು ಮುರಿದುಕೊಳ್ಳಲು ಹೇಳಿದಳು. ಹೊಲಮನೆಯ ಪಾಲು ಕೇಳಿದಷ್ಟೇ ಗಂಭೀರವಾಗಿ, ಅಪ್ಪನೆದುರು ಕೂತು: "ನನಗ ಫ್ಯಾನ್ ಬ್ಯಾಡ. ಊಟಕ್ಕ ದೀಪದ ಕೆಳಗ ಕರೀಬ್ಯಾಡ್ರಿ, ಕಟ್ಟಿ ಮ್ಯಾಲ ಕುಂತು ಬೆಳಕಿದ್ದಾಗ ಉಣ್ಣತೀನಿ. ನೀರೂ ಕಾಸಬ್ಯಾಡ್ರಿ. ನನ್ನ ಪಾಲಿಂದು ಎಷ್ಟ ಉಳೀತೈತಿ ಅಷ್ಟು ಅಂವನ ಬಲ್ಬಿಗಿ ಹಚ್ಚರಿ." ನೀರು ಕಾಯುವುದು ರವದಿಯ ಉರಿಯಿಂದ, ಕರೆಂಟಿನಿಂದಲ್ಲ ಎಂದು ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. ಉರಿಯೂ ಪುಕ್ಕಟೆ ಬರುತ್ತದೆಯೇ ಎಂದಳು.

ಚಳಿಗಾಲದ ದಿನಗಳು. ಕೃಷ್ಣಾ ನದಿಯ ಕಡೆಯಿಂದ ಬೀಸುವ ಗಾಳಿಗೆ ನಾವು ಹಲ್ಲು ಕಟಕಟ ಕಡಿಯುತ್ತಿದ್ದರೆ, ಆಯಿ ಬಾವಿಯಿಂದ ಸೇದಿದ ತಣ್ಣೀರನ್ನು ಮೈಮೇಲೆ ಸುರಿದುಕೊಳ್ಳುತ್ತಿದ್ದಳು. ಅವಳ ತುಟಿ ನೀಲಿಯಾಗುತ್ತಿತ್ತು. ಎಂಟು ದಿನವಾಗುವುದರೊಳಗೆ ಕೆಮ್ಮು ಹತ್ತಿತು. ಅವ್ವ ಬಿಸಿನೀರಿನ ಕೊಡ ಹೊತ್ತುಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, "ತಪ್ಪಾತ್ರಿ ಅತ್ತಿ, ಬಾಯಿ ತಪ್ಪಿ ಅಂದೆ" ಎಂದು ಅತ್ತಳು. "ನೀ ಖರೇ ಅಂದಿ. ಅದರಾಗ ಏನ್ ತಪ್ಪೈತಿ?" ಎಂದು ಆಯಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ತಣ್ಣೀರು ಸುರಿಯುವ ಸದ್ದು ಬಂತು. ಹೀಗೇ ಆದರೆ ಆಯಿಯೂ ಹೋಗಿಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಅಪ್ಪನಿಗೂ ಆಗಿತ್ತೆಂದು ಕಾಣುತ್ತದೆ. ಊಟದ ಮುಂದೆ ಕೂತು ರೊಟ್ಟಿ ಮುರಿಯುವುದನ್ನೇ ಮರೆಯುತ್ತಿದ್ದ.

ಅವನು ಕೊನೆಗೆ ಒಂದು ಉಪಾಯ ಮಾಡಿದ. ಕಾಕಾನ ಬಲ್ಬು ತೆಗೆದು ಅಲ್ಲಿಯೂ ಒಂದು ಸಣ್ಣದು ಹಾಕುವುದು. ದೀಪವೂ ಇರುತ್ತದೆ, ಖರ್ಚೂ ಇಳಿಯುತ್ತದೆ, ಆಯಿಗೆ ಪಾಲು ಮುರಿಯುವ ಕಾರಣವೂ ಉಳಿಯುವುದಿಲ್ಲ. ಒಂದು ರವಿವಾರ ಆಯಿ ಕೆಮ್ಮುತ್ತಲೇ ಓಣಿಯ ಹೆಂಗಸರ ಜೊತೆ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋದಳು. ಅವಳ ಗಾಡಿ ಓಣಿ ತಿರುಗಿದ್ದೇ ತಡ, ಅಪ್ಪ ಸ್ಟೂಲು ಎತ್ತಿಕೊಂಡು ಬಂದು, ಕಿಸೆಯಲ್ಲಿ ಸಣ್ಣ ಬಲ್ಬು ಇಟ್ಟುಕೊಂಡು, ಆ ಹೊಸ್ತಿಲ ಮುಂದೆ ನಿಂತ. ಆಮೇಲೆ ದಾಟಿದ.

ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಅಪ್ಪ ಸ್ಟೂಲು ಹತ್ತಿದ. ಕೈ ಚಾಚಿದ. ಬಲ್ಬು ಕಾದಿತ್ತು, ಕೈ ಹಿಂದೆ ತೆಗೆದ. ಹೆಗಲ ಮೇಲಿನ ವಸ್ತ್ರ ಸುತ್ತಿಕೊಂಡು ಮತ್ತೆ ಚಾಚಿದ, ಮತ್ತೆ ತೆಗೆದ. ಕೆಳಗಿಳಿದು ಗೋಡೆಯ ಕರಿ ಗುಂಡಿಯ ಹತ್ತಿರ ಹೋದ. ಬೆರಳು ಗುಂಡಿಯ ಮೇಲಿಟ್ಟ. ಒತ್ತಲಿಲ್ಲ.

"ಅಪ್ಪಾ, ಯಾಕ?" ಎಂದೆ.

"ಕರೆಂಟ್ ಹೋಗ್ಲಿ ತಡಿ" ಎಂದ. "ಹೆಂಗೂ ಹೋಗತೈತೆಲ್ಲ. ಹೋದಾಗ ಬದಲಿ ಮಾಡಿದ್ರಾತು."

ಸ್ಟೂಲಿನ ಮೇಲೆ ಕೂತ. ದೇವರು ದಿಂಡಿರು ಎಂದರೆ ನಗುತ್ತಿದ್ದ ನನ್ನಪ್ಪ, ಮನೆಯ ಕೈ ತಾಗದ ಹಾಗೆ ದೀಪ ಆರಲಿ ಎಂದು ಸರ್ಕಾರದ ದಾರಿ ಕಾಯುತ್ತ ಕೂತ. ಮಧ್ಯಾಹ್ನವಾಯಿತು. ಅವ್ವ ಊಟಕ್ಕೆ ಕರೆದಳು, ಬರಲಿಲ್ಲ. ದಿನಾ ತಪ್ಪದೆ ಹೋಗುತ್ತಿದ್ದ ಕರೆಂಟು ಆ ದಿನ ಹೋಗಲೇ ಇಲ್ಲ. ಹೊರಗೆ ಬಿಸಿಲು ಇಳಿಯುತ್ತ ಬಂದಂತೆ ಖೋಲಿಯಲ್ಲಿ ಆ ಬಲ್ಬಿನ ಬೆಳಕು ಹಳದಿಯಾಗಿ ಅಪ್ಪನ ತಲೆಯ ಮೇಲೆ, ಮೂಲೆಯಲ್ಲಿ ಇನ್ನೂ ಹಾಗೇ ಇದ್ದ, ವೈರಿಂಗ್ ಸಾಮಾನು ತುಂಬಿದ ಕಾಕಾನ ಪಕ್ಕಡದ ಚೀಲದ ಮೇಲೆ ಬಿದ್ದಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ.

ಗಾಡಿ ಬಂದ ಸದ್ದಾಯಿತು. ನಾನು ಹೇಳುವಷ್ಟರಲ್ಲಿ ಆಯಿ ಬಂದೇಬಿಟ್ಟಳು, ಹಣೆ ತುಂಬ ಮಲ್ಲಯ್ಯನ ಅರಿಸಿನದ ಭಂಡಾರ. ಸ್ಟೂಲು ನೋಡಿದಳು. ಅಪ್ಪನ ಕೈಯಲ್ಲಿದ್ದ ಸಣ್ಣ ಬಲ್ಬು ನೋಡಿದಳು. ಇನ್ನು ಮನೆ ಒಡೆಯಿತು ಎಂದುಕೊಂಡು ನಾನು ಅವ್ವನನ್ನು ಕರೆಯಲು ಓಡಿದೆ. ಅವ್ವನ ಜೊತೆ ಬಂದಾಗ ಆಯಿ ಕೇಳುತ್ತಿದ್ದಳು:

"ಮತ್ತ ಯಾಕ ತಗೀಲಿಲ್ಲ?"

"ಕರೆಂಟ್ ಹೋಗ್ಲೇ ಇಲ್ಲವ್ವಾ."

"ಗುಂಡಿ ಅಲ್ಲೇ ಐತೆಲ್ಲೋ."

ಅಪ್ಪ ತನ್ನ ಕೈ ನೋಡಿಕೊಂಡ. "ನನ್ನ ಕೈಲೆ ಆಗಲಿಲ್ಲ ಯವ್ವಾ. ಹೆಂಗ ಹೋಗು ಅನ್ಲಿ ಅಂವಗ?" ಎಂದ. ಅಷ್ಟೆಂದು ಅಳತೊಡಗಿದ. ಕಾಕಾನನ್ನು ಮಣ್ಣು ಮಾಡಿ ಬಂದ ದಿನವೂ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ ಸ್ಟೂಲಿನ ಮೇಲೆ ಕೂತು ಅಳುವುದನ್ನು ನೋಡಿ ನನಗೂ ಅಳು ಬಂತು.

ಆಯಿ ಸೆರಗಿನ ಗಂಟು ಬಿಚ್ಚಿ ಅಪ್ಪನ ಹಣೆಗೆ ಭಂಡಾರ ಹಚ್ಚಿದಳು. "ಇಷ್ಟ ದಿನಾ ನಾ ಒಬ್ಬಾಕಿನ ಅಂವನ್ನ ಕಾಯಾಕತ್ತೀನಿ ಅಂತ ತಿಳಿದಿದ್ನೆಪಾ" ಎಂದಳು. ತುಸು ಹೊತ್ತು ಕೆಮ್ಮಿ, ಸುಧಾರಿಸಿಕೊಂಡು, "ಇದು ತಾನಽ ಹೋಗೂತನಕ ಇರ್ಲಿ. ಹೋದಮ್ಯಾಲ ಬ್ಯಾರೆದ್ದು ಹಾಕಬ್ಯಾಡ್ರಿ" ಎಂದಳು. ಅವ್ವನ ಕಡೆ ತಿರುಗಿ ಬಿಸಿನೀರು ಇಡಲು ಹೇಳಿದಳು. ಅವ್ವ ಹಂಡೆಗೆ ಹಾಕಿದ ಉರಿ ನೋಡಿದರೆ ಮದುವೆಮನೆಗೆ ನೀರು ಕಾಯಿಸುತ್ತಿದ್ದಾಳೆ ಅನ್ನಬೇಕು.

ಅಲ್ಲಿಂದ ನಮಗೆ ಬೇರೊಂದು ಚಿಂತೆ ಹತ್ತಿತು. ಇಷ್ಟು ದಿನ ಹಾಳಾಗಿ ಹೋಗಲಿ ಎಂದಿದ್ದ ಬಲ್ಬು ಎಲ್ಲಿ ಹೋಗಿಬಿಡುತ್ತದೋ ಎಂದು. ವೋಲ್ಟೇಜು ಏರಿ ದೀಪಗಳು ಭಗ್ ಎಂದಾಗ ಅಪ್ಪನೇ ಮೊದಲು ಆ ಖೋಲಿಗೆ ಓಡುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ, ಎಲ್ಲರೂ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಾಗ, ಯಾರೂ ನೋಡದ ಹೊತ್ತಿನಲ್ಲಿ ಅದು ಹೋಯಿತು. ಫ್ಯಾನು ತಿರುಗುತ್ತಿತ್ತು, ಆ ಖೋಲಿ ಮಾತ್ರ ಕತ್ತಲಾಗಿತ್ತು. ಅಪ್ಪ ಬಲ್ಬು ಬಿಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿ, ಆಯಿಯ ಕೈಗೆ ಕೊಟ್ಟ. ಅವಳು ಅದನ್ನು ಸೆರಗಿನಿಂದ ಒರೆಸಿ ಕಾಕಾನ ಪಕ್ಕಡದ ಚೀಲದಲ್ಲಿ ಇಟ್ಟಳು. ಅಂದು ಸಂಜೆ ಒಲೆ ಹೊತ್ತಿಸಲು ಯಾರಿಗೂ ಮನಸ್ಸಾಗಲಿಲ್ಲ.

ಮುಂದಿನ ಬಿಲ್ಲು ಬಂತು. ಅಪ್ಪ ನಿಂತು ಓದಿದ. ಅವನ ಹಿಂದೆ ನಿಂತು ಅವ್ವನೂ ನಾನೂ ಓದಿದೆವು. ಅಪ್ಪ ಅಷ್ಟು ಕಾಲ ಏನೆಲ್ಲ ಮಾಡಿಯೂ ಇಷ್ಟು ಇಳಿಯದಿದ್ದ ಬಿಲ್ಲು ಆ ಸಲ ಒಮ್ಮೆಲೇ ಇಳಿದಿತ್ತು. ಯಾವ ತಿಂಗಳಿಗೂ ಹೋಲಿಕೆಯೇ ಇರಲಿಲ್ಲ. ಆಯಿ ಕಟ್ಟೆಯಿಂದ ಕೇಳಿದಳು:

"ಭಾಳ ಕಡಿಮಿ ಬಂತೇನೋ?"

ಅಪ್ಪ ಕಾಗದ ಮಡಚಿದ. "ಏ, ಇಲ್ಲವ್ವಾ. ಮೊದಲ ಬಂದಂಗಽ ಐತಿ."

ಆಯಿಯ ಮುಖ ಸಡಿಲಾಯಿತು. "ಹಂಗಾರ ಅಂವಂದು ಭಾಳ ಇರ್ಲಿಲ್ಲ ನೋಡು" ಎಂದಳು.

ಅವ್ವ ಅಪ್ಪನ ಕೈಯಿಂದ ಬಿಲ್ಲು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೋಗಿ ಆಯಿಯ ಪಕ್ಕದಲ್ಲಿ ಕೂತಳು.

"ಇಲ್ರಿ ಅತ್ತಿ," ಎಂದಳು, "ಏನೂ ಇರ್ಲಿಲ್ರಿ."