ತೋಟದ ಮನೆಯ ಗೇಟಿನಲ್ಲಿ ಭಾಗ್ಯಕ್ಕ

ಭಾಗ್ಯಕ್ಕನ ಎಡಗೈ ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಉದ್ದಕ್ಕೆ ಮಡಚಿದ ನೋಟುಗಳನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡೇ ಸರ್ವಿಸ್ ಮುಗಿಸಿದರು. ನಿವೃತ್ತಿಯಾದ ಮೇಲೂ ಬೆರಳುಗಳು ಹಾಗೇ ಅಗಲವಾಗಿ ನಿಂತಿದ್ದವು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುವಾಗ ಕಾಳೆಲ್ಲ ಆ ಸಂದಿಯಿಂದ ಉದುರುತ್ತಿತ್ತು. "ಈ ಕೈಲಿ ದುಡ್ಡು ನಿಲ್ತದೆ, ಕಾಳು ನಿಲ್ಲಲ್ಲ ನೋಡೆ" ಎಂದು ಅವರೇ ನಗುತ್ತಿದ್ದರು.

ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಅವರ ಬಸ್ಸಿನಲ್ಲೇ ಹೋಗುತ್ತಿದ್ದೆ. ಚಿಲ್ಲರೆ ಇಲ್ಲದಿದ್ದರೆ ಬೇರೆ ಕಂಡಕ್ಟರುಗಳು ಟಿಕೆಟ್ಟಿನ ಹಿಂದೆ ಬಾಕಿ ಗೀಚಿ ಕೊಡುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಅರ್ಧ ಜನಕ್ಕೆ ಅದು ಮರೆತೇ ಹೋಗುತ್ತದೆ. ಭಾಗ್ಯಕ್ಕ ಹಾಗೆ ಬರೆದದ್ದನ್ನು ನಾನು ನೋಡಿದ್ದೇ ಇಲ್ಲ. "ಬರ್ಕೊಟ್ರೆ, ಅವ್ರು ಮರೀಲಿ ಅಂತ ನಾನು ಕಾಯ್ಕೊಂಡಿದ್ದಂಗೆ" ಎನ್ನುತ್ತಿದ್ದರು. ಒಮ್ಮೆ ಚಿಲ್ಲರೆ ಮರೆತು ಇಳಿದ ಮುದುಕನೊಬ್ಬನಿಗಾಗಿ ಬಸ್ಸು ನಿಲ್ಲಿಸಿ, ಹಿಂದೆ ಓಡಿ ಹೋಗಿ ಎರಡು ರೂಪಾಯಿ ಕೊಟ್ಟು ಬಂದರು. ಅವತ್ತು ಶಿಫ್ಟಿಗೆ ತಡವಾಗಿ ನಾನು ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ನಮ್ಮದು ಮಗ್ಗಗಳ ಬೀದಿ. ಹೆಂಗಸರು ಹೊರಗೆ ಹೋಗುವುದೆಂದರೆ ಮದುವೆಗೆ, ಇಲ್ಲವೇ ಆಸ್ಪತ್ರೆಗೆ. ನಿವೃತ್ತಿಯಾದ ಮೇಲೆ ಭಾಗ್ಯಕ್ಕ, "ಒಂದಿನ ಎಲ್ಲಾದ್ರೂ ಹೋಗಿ ಸುಮ್ನೆ ಕೂತ್ಕೊಂಡು ಬರೋಣ ಬನ್ರೇ" ಎಂದು ನಮ್ಮನ್ನು ಹೊರಡಿಸಿದರು. ಅವರೂ ಸೇರಿ ಹತ್ತು ಜನ. ಮಧುರೆ ಕಡೆ, ಬೆಂಗಳೂರಿನವರು ರಜೆ ಕಳೆಯಲು ಬಾಡಿಗೆಗೆ ಹಿಡಿಯುವ ಈಜುಕೊಳದ ತೋಟದ ಮನೆ. ಗೊತ್ತು ಮಾಡಿಕೊಟ್ಟವನು ಮಹೇಶ ಎಂಬ ಏಜೆಂಟ್. ಬಾಡಿಗೆಯಲ್ಲದೆ ಐದು ಸಾವಿರ ಡೆಪಾಸಿಟ್, ಮನೆ ಬಿಡುವಾಗ ವಾಪಸ್ ಎಂದಿದ್ದ. ತಲೆಗೆ ಐನೂರರಂತೆ ಹಾಕಿದೆವು. ಎಲ್ಲರೂ ವ್ಯಾನ್ ಹತ್ತಿದ ಮೇಲೆ ಭಾಗ್ಯಕ್ಕ ಬಾಗಿಲಲ್ಲಿ ನಿಂತು ತಲೆ ಎಣಿಸಿ, ವ್ಯಾನಿನ ಮೈ ತಟ್ಟಿ, "ರೈಟ್!" ಎಂದರು.

ಅಲ್ಲಿ ನಾವು ಮಾಡಿದ ಘನಂದಾರಿ ಕೆಲಸವೆಂದರೆ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತದ್ದು, ಚಿತ್ರಾನ್ನ ತಿಂದದ್ದು, ಮಧ್ಯಾಹ್ನ ಚಾಪೆ ಹಾಸಿ ಮಲಗಿದ್ದು. ಮಗ್ಗದ ಸದ್ದಿಲ್ಲದೆ ಯಾರಿಗೂ ನಿದ್ದೆ ಬರಲಿಲ್ಲ. ಸಾಯಂಕಾಲ ಮಹೇಶ ಬಂದು, ಸೋಫಾ ಹರಿದಿದೆ ಎಂದು ಡೆಪಾಸಿಟ್ ಹಿಡಿದುಕೊಂಡ. ನಮ್ಮಲ್ಲಿ ಒಬ್ಬರೂ ಸೋಫಾದ ಮೇಲೆ ಕೂತಿರಲಿಲ್ಲ. ಅದರ ಬಿಳಿ ಬಟ್ಟೆ ಕೊಳೆಯಾದೀತೆಂದು ಭಾಗ್ಯಕ್ಕನೇ ಎಲ್ಲರನ್ನೂ ನೆಲಕ್ಕೆ ಕೂರಿಸಿದ್ದರು.

ಬೀದಿಯ ಗಂಡಸರಿಗೆ ಹಬ್ಬವಾಯಿತು. ಪಕ್ಕದ ಮನೆಯ ಸರೋಜಳ ಗಂಡನಂತೂ, "ಆಯ್ತಲ್ಲ ಮಜಾ? ಇನ್ಮೇಲೆ ಮನೇಲಿ ಬಿದ್ದಿರ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸರೋಜ ತಲೆ ತಗ್ಗಿಸಿ ಒಳಗೆ ಹೋದಳು. ನನಗೆ ಇದೆಲ್ಲ ಸಾಕೆನಿಸಿ, ಬಿಟ್ಟುಬಿಡೋಣ ಎಂದೆ.

"ಐನೂರು ಹೋದ್ರೆ ಹೋಗ್ಲಿ ಕಣೆ. ಇದು ವಾಪಸ್ ಬರ್ಲಿಲ್ಲ ಅಂದ್ರೆ ಇವ್ರನ್ನ ಇನ್ನೊಂದು ಸಲ ಮನೆಯಿಂದ ಬಿಡ್ತಾರಾ?" ಎಂದರು ಭಾಗ್ಯಕ್ಕ.

ಮಹೇಶ ಫೋನ್ ಎತ್ತುವುದನ್ನು ನಿಲ್ಲಿಸಿದ. ಮುಂದಿನ ಶನಿವಾರ ಭಾಗ್ಯಕ್ಕ ನನ್ನನ್ನೂ ಎಳೆದುಕೊಂಡು ತೋಟದ ಮನೆಗೆ ಹೊರಟರು. "ಹೆಂಗಸ್ರಿಗೆ ಬಸ್ ಫ್ರೀ. ದಿನಾ ಬೇಕಾದ್ರೂ ಹೋಗ್ತೀನಿ" ಎನ್ನುವುದು ಅವರ ಧೈರ್ಯ. ಜೋರು ಜಗಳ ನೋಡಬಹುದೆಂದು ನಾನೂ ಸ್ವಲ್ಪ ಆಸೆಯಿಂದಲೇ ಹೋಗಿದ್ದೆ. ಅವರು ಜಗಳವಾಡಲಿಲ್ಲ. ಗೇಟಿನ ಹೊರಗೆ ರಸ್ತೆಯಂಚಿನಲ್ಲಿ ನಿಂತು, ಬಂದ ಕಾರುಗಳಿಗೆ ಜಾಗ ತೋರಿಸತೊಡಗಿದರು. "ಬರ್ಲಿ, ಬರ್ಲಿ... ಇನ್ನೊಂಚೂರು ಲೆಫ್ಟು... ಹೋಲ್ಡಾನ್!"

ಕಾರಿನಿಂದ ಇಳಿದ ಹುಡುಗನೊಬ್ಬ ಇಪ್ಪತ್ತು ರೂಪಾಯಿ ಕೊಡಲು ಬಂದ.

"ಬೇಡಪ್ಪಾ, ನಾನು ಇಲ್ಲಿ ಕೆಲ್ಸದೋಳಲ್ಲ. ಹೋದ ವಾರ ನಿಮ್ಮಂಗೇ ಬಂದಿದ್ದೆ. ಸೋಫಾ ಹರಿದಿದೆ ಅಂತ ಡೆಪಾಸಿಟ್ ಇಟ್ಕೊಂಡವ್ರೆ. ಇಸ್ಕೊಂಡು ಹೋಗೋಣ ಅಂತ ನಿಂತಿದೀನಿ."

ಅಷ್ಟೇ ಹೇಳಿದ್ದು. ಆ ಹುಡುಗರು ಮುಖ ಮುಖ ನೋಡಿಕೊಂಡು ಒಳಗೆ ಹೋಗಿ, ಚೀಲ ಇಳಿಸುವ ಮೊದಲೇ ಸೋಫಾದ ಫೋಟೋ ತೆಗೆದುಕೊಂಡರು. ಹರುಕು ಇನ್ನೂ ಅಲ್ಲೇ ಇತ್ತು. ಅದನ್ನು ತೋರಿಸಿ ಅವರ ದುಡ್ಡು ಹಿಡಿಯುವ ದಾರಿ ಮಹೇಶನಿಗೆ ಇಲ್ಲದಾಯಿತು.

ಅವನು ಓಡಿ ಬಂದ. "ಏನಮ್ಮಾ, ಗೇಟಲ್ಲಿ ನಿಂತು ಮರ್ಯಾದೆ ಕಳೀತಿದೀರಾ?"

"ಇಲ್ಲಪ್ಪಾ, ಗಾಡಿ ಹಾಕಿಸ್ತಿದೀನಿ. ಮುಂದಿನ ಶನಿವಾರಾನೂ ಬರ್ತೀನಿ. ನಂಗೇನು ಈಗ ಡ್ಯೂಟಿ ಇಲ್ಲ."

ಹೇಳಿದಂತೆ ಮುಂದಿನ ಶನಿವಾರವೂ ಹೋದೆವು. ಮೊದಲ ಕಾರು ಬರುವ ಮೊದಲೇ ಮಹೇಶ ಐನೂರರ ಹತ್ತು ನೋಟು ತಂದು ಅವರ ಕೈಗಿಟ್ಟ. ಭಾಗ್ಯಕ್ಕ ಒಂದೊಂದನ್ನೂ ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸೇರಿಸಿಕೊಂಡು, "ಬರ್ತೀನಪ್ಪಾ" ಎಂದು ಹೇಳಿ ಬಂದರು. ಅವರ ಮೇಲಿದ್ದ ನನ್ನ ಹಳೆಯ ಸಿಟ್ಟು ಅವತ್ತು ಹೋಯಿತು.

ದುಡ್ಡನ್ನು ಸುಮ್ಮನೆ ಹಂಚುವವರಲ್ಲ. ಗಂಡಸರು ಮನೆಯಲ್ಲಿರುವ ಹೊತ್ತು ನೋಡಿಕೊಂಡು, ಮನೆಮನೆಯ ಬಾಗಿಲಲ್ಲಿ ನಿಂತು "ಯಾರ್ರೀ ಚಿಲ್ಲರೆ ಬಾಕಿ?" ಎಂದು ಕೂಗಿದರು. ಸರೋಜಳ ಗಂಡ ಮಗ್ಗ ನಿಲ್ಲಿಸಿ ಹೊರಗೆ ಬಂದ. ಸರೋಜ ಐನೂರರ ನೋಟನ್ನು ಇಸಿದುಕೊಂಡು ಒಮ್ಮೆ ನೋಡಿ, ಭಾಗ್ಯಕ್ಕನಿಗೇ ತಿರುಗಿ ಕೊಟ್ಟಳು.

"ನಿಮ್ಮತ್ರಾನೇ ಇರ್ಲಿ ಅಕ್ಕ, ಮುಂದಿನ ಸಲಕ್ಕೆ" ಎಂದಳು, ಗಂಡನಿಗೆ ಕೇಳುವಂತೆಯೇ. ಅವನು ಒಳಗೆ ಹೋಗಿ ಮಗ್ಗ ಹಾಕಿದ.

ಮುಂದಿನ ಸಲ ಬರುವಷ್ಟರಲ್ಲಿ ಭಾಗ್ಯಕ್ಕ ಇರಲಿಲ್ಲ. ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ತಿಥಿ ಮುಗಿದ ಮೇಲೆ ಅವರ ಮಗಳು ಸರೋಜಳ ನೋಟನ್ನು ತಂದುಕೊಟ್ಟಳು. ಅದು ಉದ್ದಕ್ಕೆ ಮಡಚಿದ ಹಾಗೇ ಇತ್ತು. ಇನ್ನು ಹೋಗುವುದೇನು ಬೇಡ ಎಂದು ನಾವು ಕೆಲವರು ಅಂದೆವು. "ಅಕ್ಕನ ಕೈಲಿ ಕೊಟ್ಟಿದ್ದು ಹೋಗೋಕೆ ಅಂತ" ಎಂದಳು ಸರೋಜ. ನಾವು ವ್ಯಾನ್ ಗೊತ್ತು ಮಾಡಿದೆವು.

ಹೊರಡುವ ದಿನ ಎಲ್ಲರೂ ವ್ಯಾನ್ ಹತ್ತಿ ಕೂತೆವು. ಡ್ರೈವರ್ ಸ್ವಲ್ಪ ಹೊತ್ತು ನೋಡಿ, "ಇನ್ನೂ ಯಾರಾದ್ರೂ ಬರ್ಬೇಕಾ ಅಕ್ಕಾ?" ಎಂದು ಕೇಳಿದ. ನಾನು ಎದ್ದು ಬಾಗಿಲಿಗೆ ಹೋಗಿ ತಲೆ ಎಣಿಸಿದೆ. ಒಂಬತ್ತು. ವ್ಯಾನಿನ ಮೈ ತಟ್ಟಿದೆ.

ಹಿಂದಿನ ಸೀಟಿನಿಂದ ಸರೋಜ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ರೈಟ್, ರೈಟ್!"