ಮುಚ್ಚಳಕ್ಕೆ ಕಿವಿಯಿಟ್ಟ ದೊಡ್ಡಬೀರಯ್ಯ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಕೇರಳದ ಕಡೆಗೆ ತರಕಾರಿ ಲಾರಿಗಳು ಒಂದರ ಹಿಂದೊಂದು ಹೊರಟಿವೆ. ತಗಡಿನ ಶೆಡ್ಡಿನ ಮುಂದೆ ನಿಂತ ದೊಡ್ಡಬೀರಯ್ಯ ಮೂಡಣಕ್ಕೆ ಕೈಮುಗಿದು, ಅದೇ ಕೈಯಲ್ಲಿ ಹಿತ್ತಾಳೆಯ ಪುಟ್ಟದೊಂದು ಜೆಟ್ಟನ್ನು ಬೆಳಕಿಗೆ ಹಿಡಿಯುತ್ತಾನೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ತೂತು ಅದರಲ್ಲಿದೆ.

"ಇದರೊಳಗೆ ಸೂರ್ಯ ಕಂಡ್ರೆ ಗಾಡಿಗೆ ಹೊಟ್ಟೆ ತುಂಬ್ತದ. ಕಾಣದಿದ್ರೆ ಉಪವಾಸ" ಎನ್ನುತ್ತಾನೆ.

"ಕಂಡನೇನು, ಬೀರಯ್ಯ?" ಎಂದು ಪಕ್ಕದಲ್ಲಿ ನಿಂತ ಅರಿಸಿನ ವ್ಯಾಪಾರಿ ಮೃತ್ಯುಂಜಯ ಕೇಳುತ್ತಾರೆ.

"ಕಂಡ ಸ್ವಾಮಿ. ಹಿಂದಿನ ಸಲವೂ ಕಂಡಿದ್ದ. ಆದ್ರೂ ದಾರೀಲಿ ನಿಂತ್ಕೊತದಲ್ಲ, ಅದೇ ನನಗೆ ಹೊಟ್ಟೆ ಉರಿ."

ಹೊಟ್ಟೆ ಉರಿಸುತ್ತಿರುವುದು ಅರವತ್ತರ ದಶಕದ, ಕೆನೆ ಬಣ್ಣದ ಅಂಬಾಸಿಡರ್ ಕಾರು. ಮೃತ್ಯುಂಜಯರ ತಂದೆ ಚಿಕ್ಕಮಲ್ಲಪ್ಪನವರು ಕೊಂಡದ್ದು. ಅವರು ಶಿವನ ಪಾದ ಸೇರಿ ವರ್ಷ ಕಳೆದಿದೆ. ಕೆಲವು ತಿಂಗಳಿಂದ ಕಾರು ಹತ್ತು ಹದಿನೈದು ಕಿಲೋಮೀಟರು ಓಡಿ, ಬಿಕ್ಕಿ, ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಹೋದ ತಿಂಗಳು ಮುದುಕಿ ತಾಯಿ ಮಲ್ಲಾಜಮ್ಮನವರನ್ನು ನಡುಹಾದಿಯ ಬಿಸಿಲಲ್ಲಿ ಕೂರಿಸಿತು. ಹಾಗಾಗಿ ಮೃತ್ಯುಂಜಯರು ತೀರ್ಮಾನಿಸಿದ್ದಾರೆ: ಇವತ್ತು ನಿಲ್ಲದೆ ಚಾಮರಾಜನಗರ ಮುಟ್ಟಿದರೆ ಕಾರು ಮನೆಯಲ್ಲಿ ಉಳಿಯುತ್ತದೆ. ರಿಪೇರಿಯಾಗದೆ ದಾರಿಯಲ್ಲಿ ಉಳಿದರೆ ಅಲ್ಲಿಂದಲೇ ಗುಜರಿಗೆ.

"ಗುಜರಿಯೋರು ಇದನ್ನ ಸುತ್ತಿಗೇಲಿ ಒಡೀತಾರೆ ಸ್ವಾಮಿ. ನಾನೂ ಬತ್ತೀನಿ, ಮುಂದ್ಗಡೆ ಜಾಗ ಕೊಡಿ" ಎಂದು ದೊಡ್ಡಬೀರಯ್ಯ ಜೆಟ್ಟನ್ನು ಅದರ ಜಾಗದಲ್ಲಿ ಕೂರಿಸಿ, ಸ್ಪ್ಯಾನರುಗಳ ಚೀಲ ಹೆಗಲಿಗೇರಿಸುತ್ತಾನೆ.

ದೊಡ್ಡಬೀರಯ್ಯನ ಹುಟ್ಟೂರು ಕುದೇರು. ಹುಡುಗನಾಗಿದ್ದಾಗ ಕುರಿ ಬಿಟ್ಟು ಗುಂಡ್ಲುಪೇಟೆಯ ಲಾರಿ ವರ್ಕ್‌ಶಾಪು ಸೇರಿದ. ಘಾಟಿ ಹತ್ತಲಾರದೆ ನಿಂತ ಕಾರುಗಳೇ ಅವನ ಪಾಠಶಾಲೆ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲು ಎಳೆದು ಎಳೆದು ನಾಲಿಗೆಯ ರುಚಿಯೇ ಸತ್ತಿದೆ. "ಸಾರಿಗೆ ಉಪ್ಪು ಮರೆತ ದಿನ ನಾನು ಎದರೋದೇ ಇಲ್ಲ. ಇವನಿಗೆ ಪಾಯಸಾನೂ ಒಂದೇ, ಉಪ್ಪೆಸರೂ ಒಂದೇ" ಎಂದು ಹೆಂಡತಿ ಪುಟ್ಟಸಿದ್ದಮ್ಮ ನಗುತ್ತಾಳೆ. ನಾಲಿಗೆ ಕಳೆದುಕೊಂಡದ್ದನ್ನು ದೇವರು ಕಿವಿಗೆ ಕೊಟ್ಟಿದ್ದಾನೆ. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆಯ ಜಾಡು ಹಿಡಿಯುತ್ತಾನೆ. ಈಚೆಗೆ ಬರುವ ಕಾರುಗಳಲ್ಲಿ ಕಾರ್ಬುರೇಟರೇ ಇಲ್ಲ. ಮೊದಲು ದಿನಕ್ಕೆ ನಾಲ್ಕೈದು ಕಾರು ಬರುತ್ತಿದ್ದ ಶೆಡ್ಡಿಗೆ ಈಗ ವಾರಕ್ಕೆ ಎರಡು ಬಂದರೆ ಹೆಚ್ಚು. ಅದಕ್ಕಾಗಿ ಅವನು ಕೊರಗುವುದಿಲ್ಲ. "ಹಳೇ ಗಾಡಿ ಇರೋಗಂಟ ನಾನಿರ್ತೀನಿ, ನಾನಿರೋಗಂಟ ಅವು ಇರ್ತವೆ" ಎನ್ನುತ್ತಾನೆ.

ಕಾರು ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ಮಲ್ಲಾಜಮ್ಮನವರು ಮಗಳ ಮನೆಗೆಂದು ಕಟ್ಟಿದ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಪಂಚಾಕ್ಷರಿ ಜಪಿಸುತ್ತಿದ್ದಾರೆ. ಮುಂದೆ ದೊಡ್ಡಬೀರಯ್ಯ ಕಣ್ಣು ಮುಚ್ಚಿ ಕಿವಿ ತೆರೆದು ಕೂತಿದ್ದಾನೆ. ತೆರಕಣಾಂಬಿ ದಾಟುವಾಗ ಕಾರು ಒಮ್ಮೆ ಬಿಕ್ಕುತ್ತದೆ, ಮತ್ತೊಮ್ಮೆ ಬಿಕ್ಕಿ ಹೊಂಗೆಮರದ ಕೆಳಗೆ ನಿಲ್ಲುತ್ತದೆ.

"ಆಯ್ತಲ್ಲ! ಇನ್ನು ಗುಜರಿಯವನಿಗೆ ಫೋನ್ ಮಾಡ್ತೀನಿ" ಎಂದು ಮೃತ್ಯುಂಜಯರು ಮೊಬೈಲು ತೆಗೆಯುತ್ತಾರೆ.

"ಎಲೆ ಅಡಿಕೆ ಹಾಕ್ಕೊಳೋವಷ್ಟು ಹೊತ್ತು ತಡೀರಿ ಸ್ವಾಮಿ."

ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ, ಮೃತ್ಯುಂಜಯರಿಂದ ಸ್ಟಾರ್ಟ್ ಮಾಡಿಸುತ್ತಾನೆ. ಪೈಪಿನಲ್ಲಿ ಒಂದು ಹನಿಯೂ ಇಲ್ಲ. ಅಂದರೆ ದೋಷ ಕಾರ್ಬುರೇಟರಿನದಲ್ಲ. ಪೆಟ್ರೋಲು ಎಳೆಯುವ ಪಂಪಿನ ಒಳಪದರವನ್ನು ಹಿಂದಿನ ಸಲವೇ ಬದಲಿಸಿದ್ದಾನೆ, ಪೈಪು ಊದಿದ್ದಾನೆ. ಉಳಿದದ್ದು ಟ್ಯಾಂಕು. ಹಿಂದೆ ಹೋಗಿ, ಮಂಡಿಯೂರಿ, ಟ್ಯಾಂಕಿನ ಮುಚ್ಚಳಕ್ಕೆ ಕಿವಿಯಿಟ್ಟು ಮೆಲ್ಲಗೆ ತಿರುಗಿಸುತ್ತಾನೆ.

ಹುಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಳ್ಳುತ್ತದೆ.

"ಈಗ ಹೊಡೀರಿ ಸ್ಟಾರ್ಟು!" ಪೈಪಿನಿಂದ ಪೆಟ್ರೋಲು ಚಿಮ್ಮುತ್ತದೆ. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಒಡೆದ್ರೆ ಎಣ್ಣೆ ಸುರೀತದಾ? ಗಾಳಿ ಓಗಕ್ಕೆ ಇನ್ನೊಂದು ಬೇಕು. ಆ ತೂತು ಈ ಮುಚ್ಚಳದಲ್ಲಿತ್ತು. ಮುಚ್ಚೋಗದ. ಶೆಡ್ಡಲ್ಲಿ ಪೆಟ್ರೋಲು ಅದಾ ಅಂತ ನೋಡಕ್ಕೆ ಮುಚ್ಚಳಾನೇ ಮೊದಲು ತೆಗೀತಿದ್ದೆ. ನಾನು ತೆಗೆದ ತಕ್ಷಣ ಕಾಯಿಲೆ ಓಡೋಗ್ಬುಡ್ತಿತ್ತು!"

ತೂತನ್ನು ಮುಚ್ಚಿರುವುದು ವಿಭೂತಿ. ಪೆಟ್ರೋಲು ಹಾಕಿಸಿದಾಗಲೆಲ್ಲ ಚಿಕ್ಕಮಲ್ಲಪ್ಪನವರು ಕಾರಿನ ಅನ್ನದ ಬಾಯಿ ಅದೆಂದು ಮುಚ್ಚಳಕ್ಕೆ ಒಣ ವಿಭೂತಿಯ ಮೂರು ಗೆರೆ ಎಳೆಯುತ್ತಿದ್ದರು. ಹೋದವರ ಕೆಲಸವನ್ನು ಕೈಗೆತ್ತಿಕೊಂಡೇ ಉಳಿದವರು ದಿನ ದೂಡುತ್ತಾರೆ. ಮಲ್ಲಾಜಮ್ಮನವರು ಪ್ರತಿ ಸೋಮವಾರ ವಿಭೂತಿಯನ್ನು ನೀರಲ್ಲಿ ಕಲಸಿ ಹಚ್ಚಿದರು. ಒಂದರ ಮೇಲೊಂದು ಪದರ ಕೂತು ಸುಣ್ಣದಂತೆ ಗಟ್ಟಿಯಾಯಿತು.

"ಅವ್ವ, ಕಾರಿನ ಮೂಗಿಗೇ ಮೆತ್ತಿದ್ದೀಯಲ್ಲ!" ಎಂದು ಮಗ ನಗುತ್ತಾರೆ.

ತಾಯಿಯ ಮುಖ ಬಾಡುತ್ತದೆ. "ಅವರ ಗಾಡೀನ ನಾನೇ ಉಸಿರು ಕಟ್ಟಿಸಿದ್ನಾ, ಬೀರಯ್ಯ?"

"ನಗಬ್ಯಾಡಿ ಮೃತ್ಯುಂಜಯಪ್ಪ" ಎಂದು ಗದರಿದ ದೊಡ್ಡಬೀರಯ್ಯ ಮಲ್ಲಾಜಮ್ಮನವರ ಕಡೆ ತಿರುಗುತ್ತಾನೆ. "ನಿಮ್ಮದೊಂದೇ ಅಲ್ಲ ಅವ್ವಾರೆ, ನಂದೂ ತಪ್ಪದ. ಈ ಮುಚ್ಚಳ ಎಷ್ಟು ಸಲ ಮುಟ್ಟಿವ್ನಿ. ವಿಭೂತಿ ಅಂತ ಕಣ್ಣಿಗೊತ್ಕೊಂಡೆ, ಕೆರೆದು ನೋಡ್ನಿಲ್ಲ. ಇನ್ಮೇಲೂ ಹಚ್ಚಿ. ತೂತು ಬುಟ್ಟು, ಒಣಗಿದ್ದು ಹಚ್ಚಿ. ಯಜಮಾನ್ರು ಅಂಗೇ ಹಚ್ತಿದ್ರು."

ಸೂಜಿಯಿಂದ ತೂತು ಬಿಡಿಸುವಾಗ ಉದುರಿದ ವಿಭೂತಿಯನ್ನು ಅವನು ನೆಲಕ್ಕೆ ಬೀಳಗೊಡುವುದಿಲ್ಲ. ಹೊಂಗೆಯ ಎಲೆಯಲ್ಲಿ ಹಿಡಿದು ಎರಡೂ ಕೈಯಿಂದ ಕೊಡುತ್ತಾನೆ. ಮಲ್ಲಾಜಮ್ಮನವರು ಹಣೆಗೆ ಧರಿಸಿ, ಉಳಿದದ್ದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ.

ಪೈಪು ಬಿಗಿದ ಮೇಲೆ ಕಾರು ಮತ್ತೆ ಹೊರಡುತ್ತದೆ. ಮೃತ್ಯುಂಜಯರ ಮೊಬೈಲು ಮತ್ತೆ ಜೇಬು ಸೇರಿದೆ. ಅರಿಸಿನದ ಹೊಲಗಳು ಹಿಂದೆ ಸರಿಯುತ್ತವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಸೀಟಿನಲ್ಲಿ ಗೊರಕೆ.

"ಏನವ್ವ ಇದು, ಮೆಕ್ಯಾನಿಕ್ಕೇ ಮಲಗಿಬಿಟ್ಟ!"

"ಮಲಗ್ಲಿ ಬುಡು. ನೀನು ರಸ್ತೆ ನೋಡು."

ಕಾರು ಎಲ್ಲಿಯೂ ನಿಲ್ಲದೆ ಚಾಮರಾಜನಗರ ಸೇರುತ್ತದೆ. ಮಗಳು ದಾನೇಶ್ವರಿಯ ಮನೆ ಮುಂದೆ ಇಂಜಿನ್ ಆರಿಸಿದಾಗಲೇ ದೊಡ್ಡಬೀರಯ್ಯನಿಗೆ ಎಚ್ಚರ. ನಿದ್ದೆಯ ವಿಷಯ ಎತ್ತಿದರೆ ನಾಚಿಕೊಂಡು ಟವೆಲಿನಿಂದ ಮುಖ ಒರೆಸುತ್ತಾನೆ.

"ಇನ್ನೇನು ಮಾಡ್ಲಿ ಸ್ವಾಮಿ? ಕೇಳುಸ್ಕೊಳಕ್ಕೆ ಗಾಡೀಲಿ ಏನೂ ಇರ್ನಿಲ್ಲ."